ಆಜ್ಞಾಸಾಲಿನಲ್ಲಿ ಟ್ಯಾಬ್ ಪೂರಣದ ವಿಳಂಬ

ಆಜ್ಞಾಸಾಲಿನಲ್ಲಿ ಒಂದು ಹೆಸರಿನ ಮೊದಲ ಕೆಲವು ಅಕ್ಷರಗಳನ್ನು ಬೆರಳಚ್ಚಿಸಿ ಟ್ಯಾಬ್ ಕೀಲಿಯನ್ನು ಒತ್ತಿದಾಗ ಉಳಿದ ಭಾಗವನ್ನು ಶೆಲ್ ತಾನೇ ತುಂಬಿಕೊಡುವ ಸೌಲಭ್ಯಕ್ಕೆ ಟ್ಯಾಬ್ ಪೂರಣ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಕ್ಷಣಮಾತ್ರದಲ್ಲಿ ನಡೆಯುತ್ತದೆ. ಆದರೆ ಕಾಲೇಜಿನ ಪ್ರಯೋಗಾಲಯ, ಸಂಶೋಧನಾ ಸಂಸ್ಥೆ ಮುಂತಾದೆಡೆಗಳಲ್ಲಿ ಜಾಲಕ್ಕೆ ಜೋಡಿಸಿದ ಲಿನಕ್ಸ್ ಗಣಕಗಳಲ್ಲಿ ಟ್ಯಾಬ್ ಒತ್ತಿದ ಮೇಲೆ ತೆರೆ ಹಲವು ಸೆಕೆಂಡುಗಳ ಕಾಲ ಸ್ತಬ್ಧವಾಗುವುದುಂಟು. ಗಣಕ ಹಳತಾಯಿತೆಂದೋ ಶೆಲ್ ಕೆಟ್ಟಿತೆಂದೋ ಭಾವಿಸಿ ಬಳಕೆದಾರರು ಈ ಸೌಲಭ್ಯವನ್ನೇ ಕೈಬಿಡುತ್ತಾರೆ. ಉದ್ದನೆಯ ಹೆಸರುಗಳನ್ನು ಕೈಯಾರೆ ಬರೆಯುವಾಗ ತಪ್ಪುಗಳೂ ಹೆಚ್ಚುತ್ತವೆ. ವಾಸ್ತವವಾಗಿ ಆ ಹೊತ್ತಿನಲ್ಲಿ ಶೆಲ್ ಜಾಲದ ಇನ್ನೊಂದು ತುದಿಯ ಸರ್ವರಿನ ಉತ್ತರಕ್ಕಾಗಿ ಕಾಯುತ್ತಿರುವ ಸಾಧ್ಯತೆಯೇ ಹೆಚ್ಚು.

ಹಿನ್ನೆಲೆ

ಹೆಸರನ್ನು ಪೂರ್ಣಗೊಳಿಸುವ ಕಲ್ಪನೆ ಟೆನೆಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಿಂದ ಟಿಸಿ ಶೆಲ್‌ಗೆ ಬಂದಿತು. ಆ ಶೆಲ್ಲಿನ ಹೆಸರಿನಲ್ಲಿರುವ 'ಟಿ' ಅಕ್ಷರ ಟೆನೆಕ್ಸನ್ನೇ ಸೂಚಿಸುತ್ತದೆ. 1989ರಲ್ಲಿ ಬಿಡುಗಡೆಯಾದ ಬ್ಯಾಷ್ ಶೆಲ್ ಈ ಕೆಲಸಕ್ಕೆ ರೀಡ್‌ಲೈನ್ ಎಂಬ ಗ್ರಂಥಾಲಯವನ್ನು ಬಳಸುತ್ತದೆ.

ಡೈರೆಕ್ಟರಿ ಎಂಬ ಪದಕ್ಕೆ ಇಲ್ಲಿ ಎರಡು ಅರ್ಥಗಳಿರುವುದು ಗೊಂದಲಕ್ಕೆ ಕಾರಣವಾಗುತ್ತದೆ. ಒಂದು, ಕಡತಗಳನ್ನಿಡುವ ಕೋಶ. ಇನ್ನೊಂದು, ಸಂಸ್ಥೆಯ ಎಲ್ಲ ಬಳಕೆದಾರರ ವಿವರಗಳನ್ನು ಒಂದೆಡೆ ಇರಿಸುವ ಎಲ್‌ಡಿಎಪಿ, ಆಕ್ಟಿವ್ ಡೈರೆಕ್ಟರಿ ಮೊದಲಾದ ಮಾಹಿತಿಸೂಚಿ. ವಿಳಂಬ ಎರಡರಿಂದಲೂ ಬರಬಹುದು. ಪರಿಹಾರಗಳು ಮಾತ್ರ ಬೇರೆ ಬೇರೆ.

ಬಳಕೆದಾರರ ಪಟ್ಟಿಯಿಂದಾಗುವ ವಿಳಂಬ

ಶೆಲ್‌ನಲ್ಲಿ ಟಿಲ್ಡೆ ಚಿಹ್ನೆ (~) ಬಳಕೆದಾರರ ಮನೆಕೋಶವನ್ನು ಸೂಚಿಸುತ್ತದೆ. ಟಿಲ್ಡೆಯ ನಂತರ ಎರಡು ಅಕ್ಷರ ಬರೆದು ಟ್ಯಾಬ್ ಒತ್ತಿದರೆ, ಆ ಅಕ್ಷರಗಳಿಂದ ಆರಂಭವಾಗುವ ಬಳಕೆದಾರರು ಯಾರೆಂದು ಶೆಲ್ ತಿಳಿಯಬೇಕಾಗುತ್ತದೆ. ಇದಕ್ಕಾಗಿ ಅದು ವ್ಯವಸ್ಥೆಯಿಂದ ಎಲ್ಲ ಬಳಕೆದಾರರ ಹೆಸರುಗಳನ್ನು ಒಂದೊಂದಾಗಿ ಪಡೆದು ಹೋಲಿಸಿ ನೋಡುತ್ತದೆ. ಪಟ್ಟಿ ಅದೇ ಗಣಕದ ಪುಟ್ಟ ಕಡತದಲ್ಲಿದ್ದರೆ ತೊಂದರೆಯಿಲ್ಲ. ಪಟ್ಟಿಯನ್ನು ಎಲ್ಲಿಂದ ತರಬೇಕೆಂಬುದನ್ನು 'ಎನ್‌ಎಸ್‌ಸ್ವಿಚ್' ಎಂಬ ಸಂರಚನಾ ಕಡತ ನಿರ್ಧರಿಸುತ್ತದೆ. ಅಲ್ಲಿ ಎಲ್‌ಡಿಎಪಿಯನ್ನು ಸೇರಿಸಿದ್ದರೆ ಸಾವಿರಾರು ದಾಖಲೆಗಳು ಜಾಲದ ಮೂಲಕ ಹರಿದುಬರಬೇಕು. ಒಬ್ಬರ ದೂರವಾಣಿ ಸಂಖ್ಯೆ ಬೇಕಾದಾಗ ಇಡೀ ದೂರವಾಣಿ ಪುಸ್ತಕವನ್ನು ಓದಿಸಿದಂತೆ. ಪ್ರಯೋಗಾಲಯದಲ್ಲಿ ಹಲವರು ಏಕಕಾಲಕ್ಕೆ ಹೀಗೆ ಮಾಡಿದರೆ ಹೊರೆ ಸರ್ವರಿನ ಮೇಲೂ ಬೀಳುತ್ತದೆ.

ಟಿಲ್ಡೆಯೊಡನೆ ಪೂರ್ಣ ಹೆಸರು ಮತ್ತು ಓರೆಗೆರೆಯನ್ನು ಬರೆದಿದ್ದರೆ ಒಂದೇ ಹೆಸರಿನ ವಿಚಾರಣೆ ಸಾಕು. ಟಿಲ್ಡೆಯ ನಂತರ ನೇರವಾಗಿ ಓರೆಗೆರೆಯಿದ್ದರೆ ಸಾಮಾನ್ಯವಾಗಿ ಅದೂ ಬೇಡ. ನಿರ್ವಾಹಕನ ಅಧಿಕಾರವಿಲ್ಲದ ವಿದ್ಯಾರ್ಥಿಗೆ ಇದೇ ಸುಲಭವಾದ ದಾರಿ.

ಪತ್ತೆಹಚ್ಚುವುದು

ಸಾಲಿನ ಯಾವ ಸ್ಥಾನದಲ್ಲಿ ವಿಳಂಬವಾಗುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಟಿಲ್ಡೆಯ ನಂತರವಾದರೆ ಬಳಕೆದಾರರ ಪಟ್ಟಿಯನ್ನು ಶಂಕಿಸಬೇಕು. ಸಾಲಿನ ಮೊದಲ ಪದದಲ್ಲಿಯಾದರೆ ಪಾಥ್ ಚರಾಂಶದಲ್ಲಿ ಜಾಲಕೋಶವೊಂದು ಸೇರಿರಬಹುದು, ಏಕೆಂದರೆ ಆಜ್ಞೆಯ ಹೆಸರಿಗಾಗಿ ಶೆಲ್ ಅಲ್ಲಿರುವ ಕೋಶಗಳನ್ನೆಲ್ಲ ಹುಡುಕುತ್ತದೆ. ನಿರ್ದಿಷ್ಟ ಕೋಶದೊಳಗೆ ಮಾತ್ರವಾದರೆ ಎನ್‌ಎಫ್‌ಎಸ್‌ನಂತಹ ಜಾಲಕಡತ ವ್ಯವಸ್ಥೆಯತ್ತ ನೋಡಬೇಕು.

ಬಳಿಕ 'ಗೆಟ್‌ಎಂಟ್' ಆಜ್ಞೆಯಿಂದ ಬಳಕೆದಾರರ ಪೂರ್ಣ ಪಟ್ಟಿಯನ್ನೊಮ್ಮೆ, ತನ್ನ ಹೆಸರನ್ನು ಮಾತ್ರ ಇನ್ನೊಮ್ಮೆ ಕೇಳಿ, ತಗಲುವ ಸಮಯವನ್ನು ಹೋಲಿಸಬಹುದು. ಮೊದಲನೆಯದು ಮಾತ್ರ ನಿಧಾನವಾದರೆ ಪಟ್ಟಿಯ ಗಾತ್ರವೇ ದೋಷ. ಎರಡೂ ನಿಧಾನವಾದರೆ ಸರ್ವರನ್ನೋ ಡಿಎನ್‌ಎಸ್ಸನ್ನೋ ಪರೀಕ್ಷಿಸಬೇಕು. ಲಿನಕ್ಸ್‌ನಲ್ಲಿ ಡಿಎನ್‌ಎಸ್ ಉತ್ತರಕ್ಕೆ ಕಾಯುವ ಅವಧಿ ಪೂರ್ವನಿಯೋಜಿತವಾಗಿ 5 ಸೆಕೆಂಡು. ಆದ್ದರಿಂದ ಪ್ರತಿ ಬಾರಿಯೂ ಸರಿಸುಮಾರು ಐದು ಅಥವಾ ಹತ್ತು ಸೆಕೆಂಡುಗಳ ವಿಳಂಬ ಕಂಡರೆ ಅದೊಂದು ಒಳ್ಳೆಯ ಸುಳಿವು. ಇಷ್ಟಕ್ಕೂ ತಿಳಿಯದಿದ್ದರೆ ಬೇರೊಂದು ಟರ್ಮಿನಲ್‌ನಿಂದ 'ಎಸ್‌ಟ್ರೇಸ್' ಉಪಕರಣವನ್ನು ಶೆಲ್ಲಿಗೆ ಜೋಡಿಸಿ, ಟ್ಯಾಬ್ ಒತ್ತಿದಾಗ ಅದು ಯಾವ ಕರೆಯಲ್ಲಿ ನಿಂತಿದೆಯೆಂದು ನೋಡಬಹುದು.

ಪರಿಹಾರಗಳು

ಎಸ್‌ಎಸ್‌ಎಸ್‌ಡಿ ಸೇವೆಯಲ್ಲಿ ಪೂರ್ಣ ಪಟ್ಟಿ ನೀಡುವ 'ಎನ್ಯೂಮರೇಟ್' ಆಯ್ಕೆ ಪೂರ್ವನಿಯೋಜಿತವಾಗಿ ನಿಷ್ಕ್ರಿಯವಾಗಿರುತ್ತದೆ, ವಿನ್‌ಬೈಂಡ್‌ನಲ್ಲಿಯೂ ಹಾಗೆಯೇ. ಸ್ಥಾಪನೆ ಸರಿಯಾಯಿತೇ ಎಂದು ಪರೀಕ್ಷಿಸಲು ಅದನ್ನು ಸಕ್ರಿಯಗೊಳಿಸಿ ಹಾಗೆಯೇ ಬಿಟ್ಟಿದ್ದರೆ ಮತ್ತೆ ನಿಷ್ಕ್ರಿಯಗೊಳಿಸುವುದು ಸೂಕ್ತ. ಆಗ ಜಾಲದ ಬಳಕೆದಾರರ ಹೆಸರುಗಳು ಟಿಲ್ಡೆಯ ನಂತರ ಪೂರ್ಣಗೊಳ್ಳುವುದಿಲ್ಲ. ಲಾಗಿನ್ ಮೊದಲಾದ ಕೆಲಸಗಳಿಗೆ ಬಾಧಕವಿಲ್ಲ. ಎನ್‌ಎಸ್‌ಸಿಡಿ ಎಂಬ ಸಂಗ್ರಹ ಸೇವೆಯಿಂದ ಇಲ್ಲಿ ಪ್ರಯೋಜನವಾಗದು. ಅದು ಬಿಡಿ ಹೆಸರುಗಳ ಉತ್ತರಗಳನ್ನು ಸಂಗ್ರಹಿಸುತ್ತದೆಯೇ ಹೊರತು ಪೂರ್ಣ ಪಟ್ಟಿಯನ್ನಲ್ಲ. ಜಡ್ ಶೆಲ್ ಬಳಸುವವರು 'ಯೂಸರ್ಸ್' ಶೈಲಿಯಲ್ಲಿ ತಮಗೆ ಬೇಕಾದ ಕೆಲವೇ ಹೆಸರುಗಳನ್ನು ನಿಗದಿಪಡಿಸಿಕೊಳ್ಳಬಹುದು.

ಪಾಥ್‌ನಲ್ಲಿರುವ ಅನಗತ್ಯ ಜಾಲಕೋಶಗಳನ್ನು ತೆಗೆದುಹಾಕಬೇಕು. ರೀಡ್‌ಲೈನ್‌ನಲ್ಲಿ ಕಡತಗಳ ಹೆಸರಿಗೆ ಬಣ್ಣ ಹಚ್ಚುವ ಆಯ್ಕೆಯಿದ್ದರೆ ಪಟ್ಟಿಯಲ್ಲಿ ತೋರಿಸುವ ಪ್ರತಿಯೊಂದು ಕಡತದ ವಿವರವನ್ನೂ ಕೇಳಬೇಕಾಗುತ್ತದೆ. ದೊಡ್ಡ ಜಾಲಕೋಶಗಳಲ್ಲಿ ಇದು ದುಬಾರಿ. ಎನ್‌ಎಫ್‌ಎಸ್ ಸರ್ವರ್ ಸ್ಥಗಿತಗೊಂಡಾಗ, ಪೂರ್ವನಿಯೋಜಿತ 'ಹಾರ್ಡ್' ವಿಧಾನದಲ್ಲಿ ಶೆಲ್ ಉತ್ತರ ಬರುವವರೆಗೂ ಕಾಯುತ್ತದೆ. 'ಸಾಫ್ಟ್' ವಿಧಾನದಲ್ಲಿ ಕಾಯುವಿಕೆಗೆ ಮಿತಿಯಿದ್ದರೂ ಬರೆಯುತ್ತಿರುವ ದತ್ತಾಂಶ ಹಾಳಾಗುವ ಅಪಾಯವಿರುವುದರಿಂದ, ಟ್ಯಾಬ್‌ನ ಅನುಕೂಲಕ್ಕಾಗಿ ಅದನ್ನು ಆರಿಸಿಕೊಳ್ಳುವುದು ವಿವೇಕವಲ್ಲ.