ಹಳೆಯ ಬೂಟು, ಹೊಸ ಹೊಳಪು

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪಾದರಕ್ಷೆಯ ವಿಷಯವಾಗಿ ಲೇಖನವೇ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಕಾವ್ಯ, ಇತಿಹಾಸ, ಅರ್ಥಶಾಸ್ತ್ರಗಳ ಮೇಲೆ ಬರೆಯಲು ನನಗಿಂತ ಸಮರ್ಥರಾದ ಮಿತ್ರರು ನಮ್ಮ ತರಗತಿಯಲ್ಲಿಯೇ ಇದ್ದಾರೆ. ಈ ವರ್ಷ ಪಠ್ಯಪುಸ್ತಕದ ಹೊರಗೆ ನಾನು ನಿಜವಾಗಿ ಕಲಿತದ್ದು ಏನಾದರೂ ಇದ್ದರೆ ಅದು ಒಂದು ಜೊತೆ ಹಳೆಯ ಬೂಟಿನಿಂದ. ಅದನ್ನೂ ಒಂದು ಬೂಟನ್ನು ಕೆಡಿಸಿದ ಮೇಲೆ ಕಲಿತೆ.

ಬೂಟುಗಳು ನಮ್ಮ ತಂದೆಯವರವು. ಅವರು ಸೈನ್ಯದಲ್ಲಿ ಸಿಪಾಯಿಯಾಗಿದ್ದು ನಿವೃತ್ತರಾದವರು. ಈಗ ಬೆಂಗಳೂರಿನ ಒಂದು ಕಟ್ಟಡದಲ್ಲಿ ರಾತ್ರಿ ಕಾವಲಿನ ಕೆಲಸದಲ್ಲಿದ್ದಾರೆ. ಕಣಕಾಲನ್ನು ಮುಚ್ಚುವ ಆ ಕರಿಯ ಬೂಟುಗಳು ಗೋಣಿಚೀಲದಲ್ಲಿ ಸುತ್ತಿಕೊಂಡು ಅಟ್ಟದ ಮೇಲೆ ಹನ್ನೊಂದು ಮಳೆಗಾಲ ಕಳೆದಿದ್ದವು. ಎನ್.ಸಿ.ಸಿ.ಯಲ್ಲಿ ನನಗೆ ಕೊಟ್ಟ ಬೂಟುಗಳು ಚೆನ್ನಾಗಿಯೇ ಇದ್ದವು. ಆದರೂ ಗಣರಾಜ್ಯೋತ್ಸವದ ಕವಾಯತಿನಲ್ಲಿ ತಂದೆಯವರ ಬೂಟು ತೊಟ್ಟು ನಡೆಯಬೇಕೆಂಬ ಹುಚ್ಚು ಹಿಡಿಯಿತು. ಅವರನ್ನು ಕೇಳದೆಯೇ ಗಣೇಶನ ಹಬ್ಬದ ರಜೆಯಲ್ಲಿ ಚೀಲವನ್ನು ಕೆಳಗಿಳಿಸಿದೆ.

ಮೇಲೆಲ್ಲ ಬಿಳಿಯ ಬೂಷ್ಟು. ಚರ್ಮ ಹಲಗೆಯಂತೆ ಸೆಟೆದಿತ್ತು. ಹಳೆಯ ಪಾಲಿಶು ಗೋಡೆಯ ಸುಣ್ಣದ ಹಾಗೆ ಹಕ್ಕಳೆಯೆದ್ದಿತ್ತು. ನಾನು ಮಾಡಿದ ಮೊದಲನೆಯ ಕೆಲಸ ಎರಡನ್ನೂ ನಲ್ಲಿಯ ಕೆಳಗೆ ಹಿಡಿದು ತೊಳೆದದ್ದು. ಎರಡನೆಯದು, ಬೇಗ ಒಣಗಲೆಂದು ಉರಿಯುವ ಒಲೆಯ ಪಕ್ಕದಲ್ಲಿಟ್ಟದ್ದು. ಮೂರನೆಯದು, ಡಬ್ಬಿಯ ಅರ್ಧ ಪಾಲಿಶನ್ನು ಮೆತ್ತಿದ್ದು. ಮರುದಿನ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಎಡಗಾಲಿನ ಬೂಟು ಬೆರಳುಗಳು ಮಡಿಯುವ ಜಾಗದಲ್ಲಿ ಎರಡು ಅಂಗುಲ ಬಿರಿಯಿತು.

ಆ ಸಂಜೆ ಫೋನು ಮಾಡಿ ಒಪ್ಪಿಕೊಳ್ಳಬೇಕಾಯಿತು. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಬೆಂಕಿಯ ಹತ್ತಿರ ಇಟ್ಟೆಯಾ?" ಎಂದಷ್ಟೇ ಕೇಳಿದರು. "ಇನ್ನು ಮುಟ್ಟಬೇಡ. ದೀಪಾವಳಿಗೆ ಬರುತ್ತೇನೆ."

ಬರುವವರೆಗೆ ನಾನು ಮಾಡಬಹುದಾದದ್ದು ಓದುವುದೊಂದೇ. ಚರ್ಮವೆಂಬುದು ಹಸಿ ತೊಗಲಲ್ಲ. ಕೊಳೆಯದಂತೆ ಹದಮಾಡಿದ ತೊಗಲು. ದಕ್ಷಿಣ ಭಾರತದಲ್ಲಿ ಹಿಂದಿನಿಂದಲೂ ಈ ಹದಕ್ಕೆ ತಂಗಡಿಯ ತೊಗಟೆಯನ್ನೂ ಅಳಲೆಕಾಯಿಯನ್ನೂ ಬಳಸಿದ್ದಾರೆ. ಈಗಿನ ಬೂಟಿನ ಚರ್ಮ ಬಹುಮಟ್ಟಿಗೆ ಕ್ರೋಮಿಯಂ ಲವಣದ ಹದದ್ದು. ಯಾವ ಹದವಾದರೂ ಒಳಗಿರುವುದು ಕೊಲಾಜೆನ್ ಎಂಬ ಪ್ರೋಟೀನಿನ ಸಣ್ಣ ನಾರುಗಳ ಹೆಣಿಗೆ. ಹದಮಾಡುವವರು ಕೊನೆಗೆ ಇದಕ್ಕೆ ಎಣ್ಣೆಯನ್ನು ಊಡಿಸುತ್ತಾರೆ. ಬೂಟು ಮಡಿದಾಗ ನಾರುಗಳು ಒಂದರ ಮೇಲೊಂದು ಜಾರುವುದು ಈ ಜಿಡ್ಡಿನ ದೆಸೆಯಿಂದ. ಕಾಲ ಕಳೆದಂತೆ ಜಿಡ್ಡು ಆರುತ್ತದೆ. ನೀರು ಸೋಪು ಅದನ್ನು ಇನ್ನಷ್ಟು ತೊಳೆದುಬಿಡುತ್ತವೆ. ಆಗ ನಾರುಗಳು ಒಂದಕ್ಕೊಂದು ಅಂಟಿಕೊಂಡು ಹಪ್ಪಳದಂತಾಗುತ್ತವೆ. ಇನ್ನು ಬೆಂಕಿಯ ಮಾತು. ನೆನೆದ ಹಸಿ ತೊಗಲು ಸುಮಾರು ೬೫ ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಮುದುಡಿಕೊಳ್ಳುತ್ತದೆ. ಕ್ರೋಮಿಯಂ ಹದದ ಚರ್ಮ ಸುಮಾರು ೧೦೦ ಡಿಗ್ರಿಯವರೆಗೆ ತಾಳೀತು. ಆದರೆ ಜಿಡ್ಡಿಲ್ಲದ ಚರ್ಮವನ್ನು ಒಲೆಯ ಝಳದಲ್ಲಿ ಅವಸರದಿಂದ ಒಣಗಿಸಿ, ಕೂಡಲೇ ಮಡಿಸಿದರೆ ಆಗುವುದು ನಮ್ಮ ಎಡಗಾಲಿನ ಬೂಟಿಗೆ ಆದದ್ದೇ. ಹಸಿದವನ ಮುಖಕ್ಕೆ ಪೌಡರು ಹಚ್ಚಿದಂತೆ ಅದಕ್ಕೆ ನಾನು ಪಾಲಿಶು ಬಳಿದಿದ್ದೆ.

ದೀಪಾವಳಿಯ ಮರುದಿನ ತಂದೆಯವರು ಜಗಲಿಯ ಮೇಲೆ ಹಳೆಯ ಪತ್ರಿಕೆ ಹಾಸಿ ಕುಳಿತರು. (ಚರ್ಮದ ಕೆಲಸಕ್ಕೆ ಅಜ್ಜಿಯ ಅಪ್ಪಣೆ ಇರುವುದು ಜಗಲಿಯವರೆಗೆ ಮಾತ್ರ.) ಅವರು ಮೊದಲು ಮಾಡಿದ್ದು ಲೇಸುಗಳನ್ನು ಬಿಚ್ಚಿ ತೆಗೆದದ್ದು. ನನಗೆ ಅದೂ ಹೊಳೆದಿರಲಿಲ್ಲ. ನಾನು ತೊಳೆದುಬಿಟ್ಟಿದ್ದೆನೆಂದುಕೊಂಡಿದ್ದ ಬಿಳುಪು ಹೊಲಿಗೆಯ ಸಂದುಗಳಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಇಂತಹ ಬಿಳುಪಿನಲ್ಲಿ ಎರಡು ಬಗೆ. ಒಂದು ಬೂಷ್ಟು, ಇನ್ನೊಂದು ಚರ್ಮದೊಳಗಿನ ಕೊಬ್ಬೇ ಹೊರಕ್ಕೆ ಬಂದು ಹೆಪ್ಪುಗಟ್ಟಿದ್ದು. ಸ್ವಲ್ಪ ಬಿಸಿ ತಾಗಿಸಿದರೆ ಕೊಬ್ಬು ಕರಗಿ ಮಾಯವಾಗುತ್ತದೆ, ಬೂಷ್ಟು ಹಾಗೆಯೇ ಉಳಿಯುತ್ತದೆ. ನಮ್ಮದು ಉಳಿಯಿತು. ಅಂಗಳದಲ್ಲಿ ಒಣ ಬ್ರಷ್ಷಿನಿಂದ ಉಜ್ಜಿ, ವಿನೆಗರಿಗೆ ಸಮ ನೀರು ಬೆರೆಸಿ ಬಟ್ಟೆಯಿಂದ ಒರೆಸಿದರು. ನಾನು ಮೆತ್ತಿದ್ದ ಪಾಲಿಶಿನ ಪದರವನ್ನು ಟರ್ಪೆಂಟೈನ್ ಸೋಕಿಸಿದ ಚಿಂದಿಯಿಂದ ತೆಗೆದರು. ಒಳಗೆ ಪತ್ರಿಕೆಯ ಉಂಡೆಗಳನ್ನು ತುರುಕಿ, ತೇವ ಹೀರಿದ ಹಾಗೆಲ್ಲ ಬದಲಾಯಿಸುತ್ತ, ಎರಡು ದಿನ ನೆರಳಿನ ಗಾಳಿಗೆ ಇಟ್ಟೆವು. ಅವರ ರಜೆ ಇದ್ದುದು ಐದೇ ದಿನ. ಅದರಲ್ಲಿ ಎರಡು ದಿನ ಬೂಟು ಒಣಗುವುದನ್ನು ಕಾಯುವುದರಲ್ಲಿ ಹೋಯಿತು.

ಆಮೇಲೆ ಎಣ್ಣೆ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಚಪ್ಪಲಿಗೆ ಹರಳೆಣ್ಣೆ ಹಚ್ಚುವ ರೂಢಿಯನ್ನು ಬಲ್ಲವರು ಬಲ್ಲರು. ಅಥಣಿಯ ಕಡೆ ತಯಾರಾಗುವ ಕೊಲ್ಲಾಪುರಿ ಚಪ್ಪಲಿಗಳು ಇಂದಿಗೂ ಗಿಡದ ಹದದ ಚರ್ಮದವು; ೨೦೧೯ರಲ್ಲಿ ಅವುಗಳಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ತಂದೆಯವರು ಹರಳೆಣ್ಣೆಯ ನಾಲ್ಕೇ ಹನಿಯನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಂಡು ಹಚ್ಚಿದರು. ಮಾರನೆಯ ದಿನ ಮತ್ತೆ ನಾಲ್ಕು ಹನಿ. ಒಂದೇ ಸಲ ಸುರಿದರೇನೆಂದು ಕೇಳಿದೆ. ಹೆಚ್ಚು ಎಣ್ಣೆ ಕುಡಿದ ಚರ್ಮ ಜೋಲು ಬೀಳುತ್ತದೆ, ಪಾಲಿಶೂ ಅದರ ಮೇಲೆ ನಿಲ್ಲುವುದಿಲ್ಲವಂತೆ. ಆದ್ದರಿಂದ ಮಡಿಯುವ ಕಣಕಾಲಿಗೂ ಬೆರಳಿನ ಹಿಂಭಾಗಕ್ಕೂ ಜಾಸ್ತಿ, ಮಡಿಯದ ಮೂತಿಗೆ ಕಡಿಮೆ. ಪುಸ್ತಕದಲ್ಲಿ ಓದಿದ್ದ ನಾರುಗಳ ಸಂಗತಿಯನ್ನು ಅವರಿಗೆ ಹೇಳಿದೆ. ತಲೆದೂಗಿ ಕೇಳಿದರು. "ಅದಕ್ಕೇ ಇರಬೇಕು" ಎಂದರು.

ಬಿರಿದದ್ದು ಮಾತ್ರ ಕೂಡಲಿಲ್ಲ. ಅದು ಸತ್ತ ತೊಗಲು, ಗಾಯ ಮಾಯುವುದಿಲ್ಲ. ಜೇನುಮೇಣವನ್ನು ಬೆರಳಿನಿಂದ ಒತ್ತಿ ತುಂಬಿದರು. ಹತ್ತು ಅಡಿಯಿಂದ ಕಾಣುವುದಿಲ್ಲವೆಂದು ಸಮಾಧಾನವನ್ನೂ ಹೇಳಿದರು. ಬಿಟ್ಟುಹೋಗಿದ್ದ ಒಂದು ಹೊಲಿಗೆಯನ್ನು ಬಸ್ ನಿಲ್ದಾಣದ ಬಳಿಯ ಚಮ್ಮಾರರು ಹಾಕಿಕೊಟ್ಟರು. ಅಟ್ಟೆ ರಬ್ಬರಿನದಾದ್ದರಿಂದ ಉಳಿದಿತ್ತು. ಪಾಲಿಯುರೆಥೇನಿನದಾಗಿದ್ದರೆ ಇಷ್ಟು ವರ್ಷದ ತೇವಕ್ಕೆ ಪುಡಿಪುಡಿಯಾಗುತ್ತಿತ್ತು.

ಹೊಳಪಿನ ಸರದಿ ಬಂದದ್ದು ನಾಲ್ಕನೆಯ ದಿನ. ಪಾಲಿಶೆಂದರೆ ಮೇಣ, ಬಣ್ಣ, ಮತ್ತು ಮೇಣವನ್ನು ಕರಗಿಸಿ ಹಿಡಿದಿಡುವ ಟರ್ಪೆಂಟೈನಿನಂತಹ ದ್ರವ. ದ್ರವ ಆರಿಹೋಗುತ್ತದೆ, ಮೇಣ ಉಳಿಯುತ್ತದೆ. ಜೇನುಮೇಣ ಸುಮಾರು ೬೩ ಡಿಗ್ರಿಗೆ ಕರಗುವಷ್ಟು ಮೃದು. ಬ್ರೆಜಿಲ್ ದೇಶದ ಒಂದು ತಾಳೆಮರದ ಎಲೆಗಳಿಂದ ಬರುವ ಕಾರ್ನೌಬಾ ಮೇಣ ೮೦ ಡಿಗ್ರಿ ದಾಟಿದರೂ ಗಟ್ಟಿಯಾಗಿರುತ್ತದೆ. ಗಡಸು ಹೊಳಪು ಬರುವುದು ಇಂತಹ ಮೇಣದಿಂದ. ಹಾರಲಾರದ ಹಕ್ಕಿಯ ಹೆಸರು ಹೊತ್ತ ಕಿವಿ ಪಾಲಿಶು ೧೯೦೬ರಲ್ಲಿ ಮೆಲ್ಬರ್ನಿನಲ್ಲಿ ಹುಟ್ಟಿತು. ಅದನ್ನು ತಯಾರಿಸಿದ ವಿಲಿಯಂ ರ‍್ಯಾಮ್ಸೆಯವರ ಪತ್ನಿ ನ್ಯೂಜಿಲೆಂಡಿನವರು. ಹೆಸರಿನ ಗುಟ್ಟು ಅಷ್ಟೇ. ಮೊದಲನೆಯ ಮಹಾಯುದ್ಧದ ಸಿಪಾಯಿಗಳು ಅದನ್ನು ದೇಶದೇಶಗಳಿಗೆ ಹರಡಿದರು.

ತಂದೆಯವರು ಹತ್ತಿಬಟ್ಟೆಯನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ, ಬಟ್ಟೆಗೆ ಬಣ್ಣ ಹತ್ತುವಷ್ಟು ಮಾತ್ರ ಪಾಲಿಶು ತೆಗೆದುಕೊಂಡು, ಮೂತಿಯ ಮೇಲೆ ನಾಲ್ಕಾಣೆಯಗಲದ ಸುತ್ತುಗಳನ್ನು ಹಾಕತೊಡಗಿದರು. ಮಂಕು ಕವಿದ ಮೇಲೆ ಒಂದು ಹನಿ ನೀರು, ಮತ್ತೆ ಸುತ್ತು. ನೀರಿರುವುದರಿಂದ ಬಟ್ಟೆ ಹಚ್ಚಿದ ಮೇಣವನ್ನು ಕಿತ್ತುಕೊಳ್ಳದೆ ಅದರ ಮೇಲೆ ಜಾರುತ್ತದೆ. ಪದರದ ಮೇಲೆ ಪದರ ಸೇರಿ ಚರ್ಮದ ಸಣ್ಣ ಕುಳಿಗಳು ತುಂಬುತ್ತವೆ. ಉಬ್ಬುತಗ್ಗಿದ್ದಾಗ ಬೆಳಕು ದಿಕ್ಕಾಪಾಲಾಗಿ ಚದುರುತ್ತಿದ್ದುದು, ಮೈ ಸಮನಾದ ಮೇಲೆ ಕನ್ನಡಿಯಲ್ಲಿಯಂತೆ ಒಂದೇ ಕಡೆಗೆ ಹಿಂದಿರುಗುತ್ತದೆ. ಮಡಿಕೆಗಳ ಮೇಲೆ ಈ ಗಟ್ಟಿ ಲೇಪ ಸಲ್ಲದು, ಮಡಿದೊಡನೆ ಒಡೆಯುತ್ತದೆ. ಅಲ್ಲಿಗೆ ಬ್ರಷ್ಷೇ ಸಾಕು. ಹಿಂದಿನ ಕಾಲದ ಮೊಳೆ ಹೊಡೆದ ಬೂಟುಗಳ ತರಿತರಿ ಚರ್ಮವನ್ನು ಕಾಯಿಸಿದ ಚಮಚೆಯಿಂದ ಒತ್ತಿ ನಯಮಾಡುತ್ತಿದ್ದ ಸಿಪಾಯಿಗಳಿದ್ದರು. ಶಾಖ ಚರ್ಮಕ್ಕೆ ಏನು ಮಾಡುತ್ತದೆಂದು ತಿಳಿದಮೇಲೆ ಆ ವಿದ್ಯೆಯನ್ನು ನಾನಂತೂ ಯಾರಿಗೂ ಶಿಫಾರಸು ಮಾಡಲಾರೆ.

ಒಂದು ಬೂಟಿಗೆ ಒಂದೂವರೆ ಗಂಟೆ ಹಿಡಿಯಿತು. ನನಗೆ ನೆನಪಿರುವಂತೆ ತಂದೆಯವರೂ ನಾನೂ ಅಷ್ಟು ಹೊತ್ತು ಜೊತೆಯಾಗಿ ಕುಳಿತದ್ದು ಅದೇ ಮೊದಲು. ತರಬೇತಿಯ ಮೊದಲ ಚಳಿಗಾಲದಲ್ಲಿ ತಾವೂ ಒದ್ದೆ ಬೂಟನ್ನು ಬೆಂಕಿಯ ಬಳಿ ಇಟ್ಟು ಕೆಡಿಸಿದ್ದಾಗಿಯೂ, ಹವಾಲ್ದಾರರು ಅದೇ ಬೂಟಿನಲ್ಲಿ ಮೈದಾನದ ಸುತ್ತ ಓಡಿಸಿದ್ದಾಗಿಯೂ ಎರಡನೆಯ ಬೂಟಿನ ನಡುವೆ ಹೇಳಿದರು. ಎಷ್ಟು ಸುತ್ತೆಂದು ಕೇಳಿದೆ. ನಕ್ಕರು, ಹೇಳಲಿಲ್ಲ.

ಜನವರಿ ೨೬ರಂದು ಆ ಬೂಟುಗಳಲ್ಲಿ ನಡೆದೆ. ಅಳತೆ ನಮ್ಮಿಬ್ಬರದೂ ಒಂದೇ. ಆದರೆ ಚರ್ಮದ ಮಡಿಕೆ ಬಿದ್ದಿರುವುದು ಅವರ ಕಾಲು ಬಾಗುವ ಕಡೆ. ನನ್ನದು ಅದಕ್ಕಿಂತ ಅರ್ಧ ಅಂಗುಲ ಮುಂದೆ ಬಾಗುತ್ತದೆ. ಕವಾಯತು ಮುಗಿಯುವ ಹೊತ್ತಿಗೆ ಎರಡು ಹಿಮ್ಮಡಿಯಲ್ಲೂ ಗುಳ್ಳೆಗಳೆದ್ದಿದ್ದವು. ಆ ರಾತ್ರಿ ತಂದೆಯವರು ಕೆಲಸಕ್ಕೆ ಹೊರಡುವ ಮುಂಚೆ ಫೋನು ಮಾಡಿದರು. ಕವಾಯತಿನ ವಿಷಯ ಹೇಳಿದೆ.

"ಬಿರುಕು?"

"ಸ್ವಲ್ಪ ಬೆಳೆದಿದೆ. ಒಂದು ಜೋಳದ ಕಾಳಿನಷ್ಟು."

"ಪತ್ರಿಕೆ ತುರುಕಿ ನೆರಳಿನಲ್ಲಿಡು. ಯುಗಾದಿಗೆ ಬಂದಾಗ ನೋಡೋಣ" ಎಂದರು.