ಮಗ್ಗದ ಗೋಡೆಯ ಮೇಲೆ ಅಹ್ಮದ್ ಖಾನ್

ಬಾಗಲಕೋಟೆಯಿಂದ ಹುನಗುಂದ ಹಾದು ಇಳಕಲ್ಲಿಗೆ ಹೋದದ್ದು ಸೀರೆ ಕೊಳ್ಳಲು. ನೇಕಾರರ ಮನೆಯೊಂದನ್ನು ಹೊಕ್ಕರೆ, ಕುಣಿಮಗ್ಗದ ಹಿಂದಿನ ಗೋಡೆಯಲ್ಲಿ ದೇವರ ಫೋಟೊಗಳ ಸಾಲಿಗೇ ಪೇಪರಿನ ತುಣುಕೊಂದನ್ನು ಅಂಟಿಸಿದ್ದಾರೆ. ಬೆಂಗಳೂರಿನ ಫುಟ್‌ಬಾಲಿಗ ಅಹ್ಮದ್ ಖಾನ್ ತೀರಿಕೊಂಡ ಸುದ್ದಿ, 2017ರ ಆಗಸ್ಟಿನದು. ಕುಸ್ತಿ, ಕಬಡ್ಡಿ, ಸೈಕಲ್ಲಿಗೆ ಪ್ರಾಣ ಬಿಡುವ ಸೀಮೆಯಲ್ಲಿ ಇವರೆಲ್ಲಿಂದ ಬಂದರು? ಸೀರೆ ಅತ್ತ ಉಳಿಯಿತು.

"ಇವರ ಆಟ ನೋಡೀರೇನ್ರಿ ಅಜ್ಜಾರ?"

"ಎಲ್ಲಿಂದ ನೋಡ್ಲೆಪಾ? ಸೀರಿ ಗಂಟು ಹೊತಗೊಂಡು ಚಿಕ್ಕಪೇಟಿಗೆ ಹೋಗ್ತಿದ್ದೆ. ಅಲ್ಲೊಬ್ಬ ಸಾವ್ಕಾರ ವ್ಯಾಪಾರ ಬಿಟ್ಟು ಇವನ ಕತಿನ ಹೇಳಾಂವ."

ಬರೀ ಕೇಳಿಯೇ ಕಟ್ಟಿಕೊಂಡ ಅಭಿಮಾನ. ಆ ಕತೆಯಾದರೂ ಸಣ್ಣದಲ್ಲ. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಖಾನ್ 1949ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ದಶಕ ಕಾಲ ಅಲ್ಲೇ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಜತೆಗೂಡಿ 'ಪಂಚಪಾಂಡವರು' ಅನ್ನಿಸಿಕೊಂಡರು. 1949ರಿಂದ ಮೂರು ವರ್ಷ ಸತತ ಐಎಫ್‌ಎ ಶೀಲ್ಡ್; 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಚಿನ್ನ; ಎರಡು ಒಲಿಂಪಿಕ್ಸ್. ಎದುರಾಳಿಯನ್ನು ಆಡಿಸುವ ಪರಿಗೆ ಅಭಿಮಾನಿಗಳು ಕೊಟ್ಟ ಹೆಸರು 'ಹಾವಾಡಿಗ'.

ಅಜ್ಜನಿಗೆ ಪದಕಗಳ ಗೊಡವೆಯಿಲ್ಲ, ಖಾನ್ ಬರಿಗಾಲಲ್ಲಿ ಆಡಿದ್ದರದೇ ಧ್ಯಾನ. "ಚಪ್ಪಲ್ ಹಾಕ್ಕೊಂಡು ಮಗ್ಗ ತುಳಿ ನೋಡೂಣು. ನೂಲು ಬಿಗಿ ಐತೋ ಸಡ್ಲ ಐತೋ ಬರಿಗಾಲಿಗಷ್ಟ ತಿಳಿತೈತಿ. ಚೆಂಡೂ ಹಂಗ."

ಮಾತು ಚೆಂದ. ಆದರೆ ಬರಿಗಾಲಿನ ವೈಭವದ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. 1911ರಲ್ಲಿ ಮೋಹನ್ ಬಾಗಾನ್ ಹುಡುಗರು ಬೂಟುಧಾರಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಮಣಿಸಿದ್ದು ನಿಜ. ಅಂದಿನಿಂದ ಬರಿಗಾಲು ಬಡತನದ ಗುರುತಾಗಿ ಉಳಿಯದೆ ಪರಾಕ್ರಮವಾಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ ನಮ್ಮವರಲ್ಲಿ ಹೆಚ್ಚಿನವರಿಗೆ ಬೂಟಿರಲಿಲ್ಲ. ಫ್ರಾನ್ಸ್ 2-1ರಿಂದ ಗೆದ್ದಿತು. ನಮ್ಮ ಆ ಒಂದು ಗೋಲು ಬೆಂಗಳೂರಿನವರೇ ಆದ ಎಸ್. ರಾಮನ್ ಅವರದು. ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ವ್ಯರ್ಥ. ಬೂಟಿದ್ದಿದ್ದರೆ? ಈ ಪ್ರಶ್ನೆ ನನ್ನನ್ನು ಬಿಡುವುದೇ ಇಲ್ಲ. ಬೂಟಿಲ್ಲದ್ದಕ್ಕೇ 1950ರ ವಿಶ್ವಕಪ್ ತಪ್ಪಿತೆಂಬುದನ್ನು ಮಾತ್ರ ನಾನು ನಂಬುವುದಿಲ್ಲ. ಆಗಿನ ಫುಟ್‌ಬಾಲ್ ಆಡಳಿತಗಾರರ ಕಣ್ಣೆಲ್ಲ ಒಲಿಂಪಿಕ್ಸ್ ಮೇಲಿತ್ತು. ವಿಶ್ವಕಪ್ ನಡೆದ ಬ್ರೆಜಿಲ್ ಅವರಿಗೆ ಬರೀ ದೂರದ ಊರು.

1952ರ ಹೆಲ್ಸಿಂಕಿ ಒಲಿಂಪಿಕ್ಸನ್ನು ಅಜ್ಜನ ಮುಂದಿಟ್ಟೆ. ಆ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ತುಳಿದ ಮೇಲೆಯೇ ಬೂಟು ಕಡ್ಡಾಯವಾಯಿತು, ಇದಕ್ಕೇನಂತೀರಿ ಎಂದೆ.

"ಆ ಒಂದು ಗೋಲು ಯಾರದು?"

ಅಹ್ಮದ್ ಖಾನರದು.

"ಮತ್ತ? ಹತ್ತು ಬಿಟ್ಟಾಂವ ಅವನೇನು?"

ಫಾರ್ವರ್ಡ್ ಆಟಗಾರನ ಪರ ಇದಕ್ಕಿಂತ ಗಟ್ಟಿ ವಾದವನ್ನು ನಾನಂತೂ ಕೇಳಿಲ್ಲ.