ಮಾತು ತುಂಡಾಗದಿರಲಿ!

“ನಾಳೆ ಬರೋದಿಲ್ಲಮ್ಮಾ” ಎಂದು ದೂರದೂರಿನ ಮಗಳು ವಾಟ್ಸಾಪ್ ಕರೆಯಲ್ಲಿ ಹೇಳುತ್ತಾಳೆ. ಕೊನೆಯ ‘ಇಲ್ಲ’ ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ಬರುತ್ತಾಳೆ ಅಂತ ನೀವು ಕಡುಬಿಗೆ ಅಕ್ಕಿ ನೆನೆಹಾಕುತ್ತೀರಿ! ನಮ್ಮ ಕನ್ನಡದಲ್ಲಿ ‘ಇಲ್ಲ’, ‘ಬೇಡ’ ಎಲ್ಲ ಮಾತಿನ ತುದಿಯಲ್ಲೇ ಅಲ್ಲವೇ? ತುದಿ ಹಾರಿದರೆ ಅರ್ಥವೇ ತಿರುಗುಮುರುಗು. ಅತ್ತೆಯವರ ಔಷಧದ ವಿಷಯದಲ್ಲಿ, “ಆ ಮಾತ್ರೆ ಕೊಡೋದು ಬೇಡ” ಎಂಬ ಮಾತಿಗೆ ಹೀಗಾದರೆ?

ಹೀಗೇಕಾಗುತ್ತದೆ, ನೋಡೋಣ. ಇಂಟರ್‌ನೆಟ್ಟಿನಲ್ಲಿ ದನಿ ಒಂದೇ ಧಾರೆಯಾಗಿ ಹರಿಯುವುದಿಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 50 ತುಂಡುಗಳಾಗಿ ಹೊರಡುತ್ತದೆ. ಇವಕ್ಕೆ ಪ್ಯಾಕೆಟ್ ಎಂದು ಹೆಸರು. ಹೊರಡುವಾಗ ಸಮ ಅಂತರ. ದಾರಿಯ ನೂಕುನುಗ್ಗಲಲ್ಲಿ ಕೆಲವು ಬೇಗ, ಕೆಲವು ತಡ. ಈ ಏರುಪೇರಿಗೆ ‘ಜಿಟ್ಟರ್’ ಅನ್ನುತ್ತಾರೆ.

ಮದುವೆ ಪಂಕ್ತಿಯನ್ನು ನೆನೆಸಿಕೊಳ್ಳಿ. ಒಲೆಯಿಂದ ಹೋಳಿಗೆ ಒಮ್ಮೆ ರಾಶಿಯಾಗಿ, ಒಮ್ಮೆ ಒಂದೊಂದಾಗಿ ಬರುತ್ತದೆ. ಬಡಿಸುವವರು ಬುಟ್ಟಿಯಲ್ಲಿ ಒಂದಿಷ್ಟು ಕೂಡಿಟ್ಟುಕೊಂಡೇ ಹೊರಟರೆ ಪಂಕ್ತಿ ನಿಲ್ಲುವುದಿಲ್ಲ. ನಿಮ್ಮ ಫೋನೂ ಹಾಗೇ ತುಂಡುಗಳನ್ನು ಕ್ಷಣಕಾಲ ಕೂಡಿಟ್ಟು ಸಾಲಾಗಿ ಕೇಳಿಸುತ್ತದೆ. ಎಲೆ ಎತ್ತಿದ ಮೇಲೆ ಬಂದ ಹೋಳಿಗೆಯಂತೆ, ಹೊತ್ತು ಮೀರಿ ಬಂದ ತುಂಡು ವ್ಯರ್ಥ. ನಿಮ್ಮ ‘ಇಲ್ಲ’ ಕಳೆದುಹೋಗುವುದು ಅಲ್ಲೇ! ಹಾಗಂತ ಬಹಳ ಹೊತ್ತು ಕೂಡಿಟ್ಟರೆ ಮಾತು ತಡವಾಗಿ, ಇಬ್ಬರೂ ಒಟ್ಟಿಗೇ ಮಾತಾಡಿಬಿಡುತ್ತೀರಿ. ಬಾಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸರಾಗ.

ಬುಟ್ಟಿಯ ಚಿಂತೆ ಫೋನಿಗೆ ಬಿಡಿ. ನೂಕುನುಗ್ಗಲು ತಗ್ಗಿಸುವುದು ನಿಮ್ಮ ಕೈಲಿದೆ:

* ವೈಫೈ ಪೆಟ್ಟಿಗೆ ಇರುವ ಕೋಣೆಯಲ್ಲೇ ಕೂತು ಮಾತಾಡಿ. ಗೋಡೆಗಳು ಅಡ್ಡ ಬಂದಷ್ಟೂ ತೊಂದರೆ ಹೆಚ್ಚು.

* ಮೈಕ್ರೊವೇವ್ ಒಲೆ ಉರಿಯುವಾಗ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡಿಯಾಗುತ್ತದೆ. ಸಾರು ಬಿಸಿ ಮಾಡುವುದು ಆಮೇಲೆ. 5 ಗಿಗಾಹರ್ಟ್ಸ್ ಸೌಲಭ್ಯವಿದ್ದರೆ ಅದನ್ನೇ ಬಳಸಿ.

* ಆ ಹೊತ್ತಿಗೆ ಮಕ್ಕಳ ಸಿನಿಮಾ ಡೌನ್‌ಲೋಡ್, ಯಜಮಾನರ ಫೋಟೊ ರವಾನೆ ನಿಲ್ಲಲಿ. ಅವು ಸಾಲಿನಲ್ಲಿ ಮುಂದೆ ನಿಂತರೆ ನಿಮ್ಮ ಮಾತು ಹಿಂದೆ ಕಾಯಬೇಕು.

* ದನಿ ಒಡೆದರೆ ವಿಡಿಯೊ ನಿಲ್ಲಿಸಿ ಬರೀ ಮಾತಾಡಿ.

* ಇಷ್ಟಾದರೂ ಸರಿಹೋಗದಿದ್ದರೆ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಪ್ರಯತ್ನಿಸಿ.

ತೊಂದರೆ ಆ ಕಡೆಯೂ ಇರಬಹುದು. ಅವರಿಗೂ ಇದನ್ನೆಲ್ಲ ಹೇಳಿ. ಮುಖ್ಯವಾದ ಮಾತನ್ನು ಮತ್ತೊಮ್ಮೆ ಹೇಳಿಸಿಕೊಳ್ಳಲು ಸಂಕೋಚ ಬೇಡ. ಮಾತ್ರೆಯ ಹೆಸರು, ಅಳತೆ, ರೈಲಿನ ವೇಳೆ ಇಂಥವನ್ನು ಬರೆದೇ ಕಳಿಸಲು ಹೇಳಿ. ಬರೆದ ಅಕ್ಷರ ಒಂದು ನಿಮಿಷ ತಡವಾಗಿ ಬಂದರೂ ಅದರ ಬಾಲ ಮಾತ್ರ ತುಂಡಾಗುವುದಿಲ್ಲ.